ದೊಡ್ಡಪ್ಪ ಊದಿದ ಹಸಿರು

ನಮ್ಮ ದೊಡ್ಡಪ್ಪ ಹಗಲು ಬೀಗ ರಿಪೇರಿ ಮಾಡುತ್ತಾರೆ, ಸಂಜೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾರೆ. ಎಳವೆಯಿಂದ ಜೊತೆಗಿದ್ದ ಅಸ್ತಮಾವನ್ನು ಜಗಳಗಂಟ ನೆಂಟನಂತೆ ಮೂಲೆಯಲ್ಲಿ ಕೂರಿಸಿಯೇ ಬದುಕಿದವರು.

ಈ ಚಳಿಗಾಲ ನೆಂಟ ಎದ್ದು ನಡುಮನೆಗೆ ಬಂದ. ಡಾಕ್ಟರು ಉಸಿರಿನ ಬಲ ಅಳೆಯುವ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟರು; ಅದರ ಮೈಮೇಲೆ ಮೂರು ಬಣ್ಣದ ಪಟ್ಟಿ, ಊದಿದರೆ ಸರಿಯುವ ಒಂದು ಮುಳ್ಳು. ಬೆಳಿಗ್ಗೆ ಎದೆ ತುಂಬ ಉಸಿರೆಳೆದು ಒಮ್ಮೆಲೇ ಊದಬೇಕು. ಮುಳ್ಳು ಹಸಿರಿಗೆ ಬಂದರೆ ಟ್ರಂಪೆಟ್ ಮುಟ್ಟಬಹುದು. ಹಳದಿಯಾದರೆ ಹೇಳಿದಷ್ಟು ಔಷಧಿ ಹೆಚ್ಚಿಸಿ ವಿಶ್ರಾಂತಿ. ಕೆಂಪಾದರೆ ನೇರ ಆಸ್ಪತ್ರೆ.

ವಾರದ ಕೊನೆಗೆ ಪುರಭವನದಲ್ಲಿ ಕಾರ್ಯಕ್ರಮ. ಒಬ್ಬರೇ ನುಡಿಸುವ ಭಾಗ ದೊಡ್ಡಪ್ಪನದು. ಮುಳ್ಳು ದಿನವೂ ಹಸಿರಿನ ತುದಿಗೆ ಹಾರುತ್ತಿತ್ತು.

"ನೋಡಿದ್ಯೇನೇ? ಕುದುರೆ ಎದೆ!" ಎಂದು ದೊಡ್ಡಮ್ಮನ ಮುಂದೆ ಬೀಗುತ್ತಿದ್ದರು.

ಮೆಟ್ಟಿಲು ಹತ್ತಿ ಬಂದಾಗ ಮಾತ್ರ ಆ ಕುದುರೆ ಗೋಡೆ ಹಿಡಿದು ನಿಲ್ಲುತ್ತಿತ್ತು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ದೊಡ್ಡಮ್ಮ ಒಂದು ಬೆಳಿಗ್ಗೆ ಕಾಲು ನಿಲ್ಲಿಸಿದರು.

"ರೀ, ಅದ್ಯಾಕೆ ‘ತು’ ಅಂತ ಸದ್ದು?"

"ಊದಿದ್ರೆ ಸದ್ದು ಬರಲ್ವಾ?"

"ಟ್ರಂಪೆಟ್‌ನಲ್ಲಿ ಸ್ವರ ಎತ್ತೋವಾಗ ನಾಲಿಗೆ ಹೊಡೀತೀರಲ್ಲ, ಅದೇ ಇದು. ನೀವು ಊದ್ತಿಲ್ಲ, ಉಗೀತಿದ್ದೀರಿ."

"ಹುಟ್ಟಿದಾಗಿಂದ ಊದ್ತಿದ್ದೀನಿ, ನಂಗೇ ಪಾಠನಾ?"

"ಅದೇ ಆಗಿರೋ ತೊಂದರೆ."

ದೊಡ್ಡಪ್ಪ ಮುಖ ಊದಿಸಿಕೊಂಡರು. ಆಮೇಲೆ ನಾಲಿಗೆಯನ್ನು ಕೆಳಗೆ ಒತ್ತಿಟ್ಟು, ಕೆನ್ನೆ ಉಬ್ಬಿಸದೆ, ಬರೀ ಎದೆಯಿಂದ ಊದಿದರು. ಮುಳ್ಳು ಹಳದಿಯಲ್ಲಿ ನಿಂತಿತು. ಮತ್ತೆ ಊದಿದರು. ಅಲ್ಲೇ.

ಫೋನಿನಲ್ಲಿ ಡಾಕ್ಟರು ನಕ್ಕುಬಿಟ್ಟರು. ಟ್ರಂಪೆಟ್‌ನವರೆಂದು ಗೊತ್ತಿದ್ದೂ ಇದನ್ನು ಮೊದಲೇ ಹೇಳದಿದ್ದದ್ದು ತಮ್ಮದೇ ತಪ್ಪು, ನಾಲಿಗೆಯ ಹೊಡೆತ ಮುಳ್ಳನ್ನು ತಳ್ಳುತ್ತದೆಯೇ ಹೊರತು ಎದೆಯ ಸ್ಥಿತಿ ತೋರಿಸುವುದಿಲ್ಲ ಎಂದರು. ಆವತ್ತೇ ಔಷಧಿ ಹೆಚ್ಚಾಯಿತು.

ದೊಡ್ಡಪ್ಪ ತಾವೇ ಬ್ಯಾಂಡ್ ಮಾಸ್ತರರಿಗೆ ಫೋನ್ ಮಾಡಿದರು.

"ಗುರುಗಳೇ, ಈ ಸಲ ನನ್ನ ಭಾಗ ಕ್ಲಾರಿನೆಟ್ ಹುಡುಗನಿಗೆ ಕೊಡಿ. ಇಲ್ಲ ಇಲ್ಲ, ಚೆನ್ನಾಗೇ ಇದ್ದೀನಿ. ಚೆನ್ನಾಗೇ ಇರೋಣ ಅಂತಾನೇ ಹೇಳ್ತಿರೋದು."

ಕಾರ್ಯಕ್ರಮಕ್ಕೆ ಬ್ಯಾಂಡಿನ ಕೋಟು ತೊಟ್ಟೇ ಬಂದು ನಮ್ಮ ನಡುವೆ ಕೂತರು. ಹುಡುಗ ಹೆದರುತ್ತಲೇ ಶುರುಮಾಡಿ, ಕೊನೆಗೆ ಸಭೆಯನ್ನೇ ಗೆದ್ದ.

"ಪರವಾಗಿಲ್ಲ ರೀ, ಚೆನ್ನಾಗಿ ನುಡಿಸಿದ," ಎಂದರು ದೊಡ್ಡಮ್ಮ, ಮೆಲ್ಲಗೆ.

"ನುಡಿಸಲಿ, ನುಡಿಸಲಿ." ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. "ನನ್ನ ಮುಳ್ಳು ಹಸಿರಿಗೆ ಏರೋವರೆಗೂ ನನ್ನ ಭಾಗ ಇಟ್ಕೊಂಡಿರಲಿ. ಆಮೇಲೆ ಇಸ್ಕೋತೀನಿ."