ಮಾವ ಶುಂಠಿ ಕೆಲಸಕ್ಕೆ ಹೋದದ್ದು

ಕಾರಿನ ಟೈರು ಪಂಕ್ಚರ್ ಆಗಬಹುದಿತ್ತು. ಗುಂಡ್ಲುಪೇಟೆಯ ಬೀಗರು ಈರುಳ್ಳಿ ಲಾರಿಗಳ ಹಿಂದೆ ಸಿಕ್ಕಿಕೊಂಡು, ಅಷ್ಟರಲ್ಲಿ ಚಿತ್ರಾನ್ನ ಹಳಸಬಹುದಿತ್ತು. ಜೈಲಿನ ತಗ್ಗು ಬಾಗಿಲಿಗೆ ಬೀಗಿತ್ತಿ ಹಣೆ ಬಡಿದುಕೊಂಡು, ಅಪಶಕುನವೆಂದು ನನ್ನ ಮಗಳ ಸಂಬಂಧವೇ ಮುರಿಯಬಹುದಿತ್ತು. ನನಗೆ ಬಿ.ಪಿ. ಏರಿ ಅಲ್ಲೇ ಒರಗಬಹುದಿತ್ತು. ಆ ಭಯಕ್ಕೆ ಬೆಳಿಗ್ಗೆಯ ಮಾತ್ರೆಯನ್ನು ಎರಡು ಸಲ ನುಂಗಿದ್ದೆ.

ಚಾಮರಾಜನಗರದ ಹಳೇ ಜೈಲಿಗೆ ಈಗ ಸುಣ್ಣ ಬಳಿದು, ಹುಲ್ಲು ಬೆಳೆಸಿ, ನೋಡುವ ಜಾಗ ಮಾಡಿದ್ದಾರೆ. ಭಾನುವಾರ ಎರಡೂ ಮನೆಯವರು ಅಲ್ಲಿ ಸೇರೋಣ ಎಂದದ್ದು ಬೀಗರು. ಕುದೇರಿನಿಂದ ನನ್ನ ಸೋದರಮಾವನೂ ಬಂದ. ಅವನು ಆ ಜೈಲಿನಲ್ಲಿ ಎಂಟು ತಿಂಗಳು ಇದ್ದವನು. ನೀರಿನ ಸರದಿಯ ಜಗಳದಲ್ಲಿ ಗುದ್ದಲಿ ಕಾವು ಬೀಸಿದ್ದು ನಮ್ಮಪ್ಪ. ಅಪ್ಪ ಒಳಗೆ ಹೋದರೆ ಮಕ್ಕಳು ಉಪವಾಸವೆಂದು, ಹೊಡೆದವನು ತಾನೇ ಎಂದು ಒಪ್ಪಿಕೊಂಡದ್ದು ಮಾವ. ನೆಂಟರು ಕೇಳಿದರೆ, ಕೇರಳಕ್ಕೆ ಶುಂಠಿ ಕೆಲಸಕ್ಕೆ ಹೋಗಿದ್ದಾನೆ ಎನ್ನುತ್ತಿದ್ದೆವು. ನಾನು ಒಂದು ದಿನವೂ ನೋಡಲು ಹೋಗಲಿಲ್ಲ. ಶುಂಠಿ ಕೆಲಸದವರನ್ನು ನೋಡಲು ಯಾರೂ ಜೈಲಿಗೆ ಹೋಗುವುದಿಲ್ಲವಲ್ಲ.

ಕಾರಿನಲ್ಲಿ ಮಾವ ಕೇಳಿದ್ದು ಒಂದೇ. "ಬೀಗ್ರ ಮುಂದೆ ನೀನೇ ಒಂದ್ಸಲ ಯೋಳ್ಬುಡ್ಲಾ, ನಿಮ್ಮಪ್ಪನ ಬದ್ಲು ನಾನು ಜೈಲಲ್ಲಿದ್ದೆ ಅಂತ. ನಾನೇ ಯೋಳುದ್ರೆ ಜಂಬ ಅಂತಾರೆ."

"ಯೋಳ್ತೀನಿ ಬುಡು ಮಾವ" ಎಂದೆ.

ಫೋಟೋಗೆ ಯಾರಾದರೂ ಕೈದಿ ಕೋಣೆಯೊಳಗೆ ನಿಲ್ಲಿ ಎಂದ ಜೈಲಿನ ಗೈಡು. ಬೀಗರು ಮಾವನ ಬೆನ್ನು ತಳ್ಳಿದರು. "ಓಗಿ ದೊಡ್ಡೋರೆ, ನಿಮ್ದೇ ಸರಿಯಾದ ಮಕ! ಥೇಟ್ ಕೋಳಿ ಕದ್ದೋರಂಗೆ ಇದ್ದೀರಿ."

ಹೊರಗಿನಿಂದ ಚಿಲಕ ಬಿತ್ತು. ಎಲ್ಲರೂ ನಕ್ಕರು; ನಾನು ಎಲ್ಲರಿಗಿಂತ ಸ್ವಲ್ಪ ಹೆಚ್ಚು. ಮಾವ ಸರಳು ಹಿಡಿದು ನನ್ನನ್ನೇ ನೋಡಿದ. ಹೇಳುವುದಾದರೆ ಅದೇ ಸಮಯ.

"ಬೆವ್ರು ನೋಡಿ!" ಎಂದರು ಬೀಗರು. "ಜೈಲು ಅಂದ್ರೆ ಇಷ್ಟು ಭಯನಾ? ಯಾವತ್ತೂ ನೋಡೇ ಇಲ್ವಾ?"

"ಎಲ್ಲಿ ನೋಡ್ತಾನೆ?" ಎಂದುಬಿಟ್ಟೆ ನಾನು. "ಇವನು ಕೇರಳದಲ್ಲಿ ಶುಂಠಿ ಕೀಳ್ತಿದ್ದ."

ಬೀಗರ ಮುಖ ಅರಳಿತು. ಅವರದೂ ವಯನಾಡಿನಲ್ಲಿ ಗುತ್ತಿಗೆಯ ಶುಂಠಿ. "ಔದಾ? ಯಾವ ಕಡೆ? ಎಷ್ಟು ಎಕ್ರೆ ಆಕಿದ್ರು?"

ಚಿಲಕ ತೆಗೆಯುವ ತನಕ ಮಾವ ಕಾದ. ಹೊರಗೆ ಬಂದು ಪಂಚೆ ಕೊಡವಿಕೊಂಡ.

"ಅವುನ್ನೇ ಕೇಳಿ ಬೀಗ್ರೇ. ನನ್ನ ಕೇರಳಕ್ಕೆ ಕಳಿಸ್ದೋನು ಅವ್ನೇ."

ಅದನ್ನೂ ತಮಾಷೆಯೆಂದೇ ನಕ್ಕರು. ಸಂಬಂಧ ಗಟ್ಟಿಯಾಯಿತು. ಆದ ಎಡವಟ್ಟು ಒಂದೇ, ತೀರ ಚಿಕ್ಕದು: ಊಟಕ್ಕೆ ಹಾಕಿದ ಎಲೆಗಳಲ್ಲಿ ಒಂದು ಹೆಚ್ಚಾಯಿತು. ಮಾವ ಆಗಲೇ ತನ್ನೂರಿನ ಕಡೆಯ ಸಂತೆಮರಹಳ್ಳಿ ಬಸ್ಸು ಹತ್ತಿ ಹೋಗಿದ್ದ.