ಕುಂಬಳಕ್ಕೆ ಹೊದಿಸಿದ ಶಾಲು

ಕುಂಬಳದ ತೊಟ್ಟಿನ ಬುಡದಲ್ಲಿ ಹೆಬ್ಬೆರಳಿಟ್ಟು ಒತ್ತಿದರೆ ಸಿಪ್ಪೆ ಒಳಕ್ಕೆ ತಗ್ಗುತ್ತಿತ್ತು. ಅದು ಗೊತ್ತಾದ ಗಳಿಗೆಯಿಂದ ಶೃತಿಗೆ ಬೇರೆ ಯೋಚನೆಯೇ ಇಲ್ಲ. ಮಗುವಿಗೆ ರಾಗಿಸರಿ ತಿರುವುವಾಗ, ಬಟ್ಟೆ ಒಣಹಾಕುವಾಗ, ಕೊನೆಗೆ ಮೈಮೇಲೆ ನೀರು ಹುಯ್ದುಕೊಳ್ಳುವಾಗಲೂ ಅದೇ. ಕೈ ಒರೆಸಿಕೊಂಡು ಜಗಲಿಗೆ ಬರುವಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವಳ ಹಾಗೆ ಕಾಯಿಯ ಮೇಲೆ ಅಂಗೈ ಇಡುವಳು, ನಿನ್ನೆಗಿಂತ ಮೆತ್ತಗಾಗಿದೆಯೋ ಅಥವಾ ತನ್ನ ಭ್ರಮೆಯೋ ತಿಳಿಯದೆ ಒಳಗೆ ಹೋಗುವಳು. ಮೊಬೈಲಿನಲ್ಲಿ ಹುಡುಕಿದರೆ ಒಬ್ಬರು ತಕ್ಷಣ ಕೊಯ್ಯಿರಿ ಎನ್ನುತ್ತಿದ್ದರು, ಇನ್ನೊಬ್ಬರು ಹೆದರಬೇಡಿ ಎನ್ನುತ್ತಿದ್ದರು. ಹೆದರಬೇಡಿ ಎಂದವರ ಮಾತನ್ನು ಅವಳು ಯಾವತ್ತೂ ನಂಬಿದವಳಲ್ಲ.

ಅದು ಸಂತೆಯಲ್ಲಿ ಸಿಗುವಂಥ ಕಾಯಲ್ಲ. ಇಬ್ಬರು ಗಂಡಸರು ಗೋಣಿತಾಟಿಗೆ ಹಾಕಿ, ಉಸಿರು ಬಿಗಿಹಿಡಿದು, ಹಿತ್ತಲಿನಿಂದ ಜಗಲಿಗೆ ಸಾಗಿಸಿದ್ದ ಸಿಹಿಗುಂಬಳ. ಶೃತಿಯ ಮಗಳು ಪುಟ್ಟಿ ಅದರ ಹಿಂದೆ ಕೂತರೆ ಈ ಕಡೆಯಿಂದ ಕಾಣಿಸುತ್ತಿರಲಿಲ್ಲ. ಮಧುವನಹಳ್ಳಿಗೆ ಬಂದ ನೆಂಟರೆಲ್ಲ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಹೋಗಿದ್ದರು. ಆದರೆ ಶೃತಿಯ ಕಳವಳವೆಲ್ಲ ಒಳಗಿನ ಬೀಜದ ಮೇಲೆ. ಹೊಲದ ಬದುವಿನಲ್ಲಿ ಹಾಕಿದ್ದ ಬಳ್ಳಿಗಳನ್ನು ಈ ಸಲ ಕಾಡುಹಂದಿಗಳು ಬುಡಸಮೇತ ಕಿತ್ತುಹಾಕಿದ್ದವು. ಬೀಜಕ್ಕೆಂದು ಉಳಿದದ್ದು ಹಿತ್ತಲಿನ ಇದೊಂದೇ. ಇದೂ ಒಳಗೊಳಗೇ ಕೊಳೆತುಹೋದರೆ ಅತ್ತೆ ಮಹಾದೇವಮ್ಮ ಇಷ್ಟು ವರ್ಷ ಕಾಪಾಡಿಕೊಂಡು ಬಂದ ತಳಿ ಇಲ್ಲಿಗೆ ಮುಗಿಯಿತು.

ಸತ್ತೇಗಾಲದಿಂದ ಮದುವೆಯಾಗಿ ಬಂದಾಗ ಮಹಾದೇವಮ್ಮನ ಮಡಿಲಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆಗೆ ಒಂದು ಹಿಡಿ ಕುಂಬಳದ ಬೀಜವೂ ಇತ್ತಂತೆ. ಅವರ ತಾಯಿ ಕಟ್ಟಿಕೊಟ್ಟದ್ದು. ಹೊಳೆದಂಡೆಯ ಬೀಜ ಈ ಕೆಂಪು ನೆಲದಲ್ಲಿ ಏನು ಬಂದೀತು ಎಂದು ಗಂಡನ ಮನೆಯವರು ನಕ್ಕರು. ಮೊದಲ ವರ್ಷ ಅವರು ನಕ್ಕದ್ದೇ ಸರಿಯಾಯಿತು. ಕಾಯಿ ತೆಂಗಿನಕಾಯಿಗಿಂತ ದಪ್ಪವಾಗಲಿಲ್ಲ. ಆಮೇಲೆ ಕೊಟ್ಟಿಗೆಯ ಕಸ, ಒಲೆಯ ಬೂದಿ, ಪಾತ್ರೆ ತೊಳೆದ ನೀರು, ಒಟ್ಟಿನಲ್ಲಿ ಮನೆಗೆ ಬೇಡವಾದದ್ದೆಲ್ಲ ಹಿತ್ತಲಿನ ಒಂದು ಗುಂಡಿಗೆ ಹೋಗತೊಡಗಿತು. ಬರಬರುತ್ತ ಕಾಯಿ ಬಿಂದಿಗೆಯಷ್ಟಾಯಿತು, ಹಂಡೆಯಷ್ಟಾಯಿತು. ನಕ್ಕವರು ಒಂದು ಹೋಳು ಕೊಡಿ ಎಂದು ಪಾತ್ರೆ ಹಿಡಿದು ಬಂದರು.

ಮೈಸೂರಿನಲ್ಲಿ ಓದಿ ಬೆಳೆದ ಶೃತಿಗೆ ಕುಂಬಳವೆಂದರೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟ ಒಂದು ಹೋಳು. ಈ ಮನೆಗೆ ಬಂದ ಮೇಲೆಯೇ ಅದರ ಹಿಂದೆ ಎಷ್ಟು ದುಡಿಮೆಯಿದೆಯೆಂದು ಕಣ್ಣಾರೆ ಕಂಡದ್ದು. ನಾಳೆ ಅರಳುವ ಹೆಣ್ಣುಹೂವನ್ನು ಅತ್ತೆ ಸಂಜೆಯೇ ಗುರುತಿಸಿ ತುದಿಗೆ ನೂಲು ಕಟ್ಟುವರು. ಬೆಳಗ್ಗೆ ಬಿಚ್ಚಿ, ತಮ್ಮ ಬಳ್ಳಿಯದೇ ಗಂಡುಹೂವನ್ನು ತಂದು ಮುಟ್ಟಿಸಿ, ಜೇನು ಬಂದು ಬೇರೆ ಕುಂಬಳದ ಪರಾಗ ಬೆರೆಸುವ ಮೊದಲೇ ಮತ್ತೆ ಕಟ್ಟುವರು. ಬಳ್ಳಿಗೆ ಒಂದೇ ಕಾಯಿ ಬಿಟ್ಟು ಮಿಕ್ಕ ಪೀಚುಗಳನ್ನು ಚಿವುಟಿ ಸಾರಿಗೆ ಹಾಕುವರು. ಕಾಯಿ ಕೂರಲು ಹುಲ್ಲಿನ ಸಿಂಬೆ, ಬಿಸಿಲಿಗೆ ಮರೆ, ದೃಷ್ಟಿಗೆ ಒಂದು ಸುಣ್ಣದ ಬೊಟ್ಟು. ಶೃತಿಯ ಬಾಣಂತನವನ್ನೂ ಅವರು ಹೀಗೆಯೇ ಮಾಡಿದ್ದರು. ಮಾತು ಕಡಿಮೆ, ಕೈ ಮಾತ್ರ ಒಂದು ಗಳಿಗೆ ನಿಂತದ್ದಿಲ್ಲ.

ಬೀಜ ತೆಗೆದ ಮೇಲೆ ತೊಳೆದು, ಬೂದಿಯಲ್ಲಿ ಹೊರಳಿಸಿ, ಮೊರದಲ್ಲಿ ಹರಡಿ ನೆರಳಿಗೆ ಆರಿಸಿ, ಸಗಣಿಯೊಳಗೆ ಒತ್ತಿ ಗೋಡೆಗೆ ತಟ್ಟುವುದು ಅವರ ಪದ್ಧತಿ. ಹುಳ ಮುಟ್ಟುವುದಿಲ್ಲ. ಬಿತ್ತನೆಗೆ ಬೇಕಾದಷ್ಟನ್ನು ಬಿತ್ತಿ ಉಳಿದದ್ದನ್ನು ಕೇಳಿದ ಹೆಂಗಸರ ಸೆರಗಿಗೆ ಹಾಕಿಬಿಡುವರು. ಮನೆಯಲ್ಲಿ ಒಂದು ಬೀಜವೂ ಮಿಗುತ್ತಿರಲಿಲ್ಲ. ಹನೂರಿನಿಂದ, ಯಳಂದೂರಿನಿಂದ ಕೂಡ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ಅಲ್ಲಿ ಹೂ ಕಟ್ಟುವ ತಾಳ್ಮೆ ಯಾರಿಗೂ ಇಲ್ಲ. ಎರಡು ಬೆಳೆಗೆ ತಳಿ ಬೆರೆತು ಕಾಯಿ ಕುಗ್ಗುವುದು. ಮತ್ತೆ ಮಹಾದೇವಮ್ಮನ ಬಾಗಿಲೇ ಗತಿ.

ಇಷ್ಟೆಲ್ಲ ಮಾಡಿದ ಕೈ ಒಂದು ಕೆಲಸವನ್ನು ಮಾತ್ರ ಮಾಡುವಂತಿರಲಿಲ್ಲ. ಬಲಿತ ಕುಂಬಳಕ್ಕೆ ಮೊದಲ ಮಚ್ಚು ಹಾಕಬೇಕಾದವನು ಗಂಡಸು. ಇಡೀ ಕಾಯಿಯನ್ನು ಹೆಂಗಸು ಸೀಳಿದರೆ ಮನೆಯ ಕುಡಿಗೆ ಕೇಡಂತೆ. ಗಂಡಸು ಒಂದೇಟು ಹಾಕಿ ಬಾಯಿ ಬಿಡಿಸಿಕೊಟ್ಟರೆ ಮುಗಿಯಿತು, ಆಮೇಲೆ ಹೆಂಗಸರು ಬೆನ್ನು ಮುರಿಯುವಷ್ಟು ಹೊತ್ತು ಹೆಚ್ಚಬಹುದು, ಆಗ ಕೇಡಿಲ್ಲ. ಪಕ್ಕದ ಮನೆಯ ಸೋಮಮ್ಮ ಗಂಡ ಇಲ್ಲದಾಗ ದಾರಿಯಲ್ಲಿ ಹೋಗುವ ಯಾರನ್ನಾದರೂ ಕೂಗಿ ಆ ಒಂದೇಟು ಹಾಕಿಸಿಕೊಳ್ಳುತ್ತಾಳೆ. ಆದರೆ ಈ ಮನೆಯ ಬೀಜದ ಕಾಯಿಗೆ ದಾರಿಹೋಕರು ಸಲ್ಲುವುದಿಲ್ಲ, ಮನೆಯ ಹಿರಿಯನೇ ಆಗಬೇಕು. ಮಾವ ಇರುವತನಕ ಅವರು ಹಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಅಣ್ಣ ಶಾಂತಮೂರ್ತಿ. ಶೃತಿ ದೊಡ್ಡಮಾವ ಎಂದು ಕರೆಯುವವರು.

ಒಂದೇಟಿನ ಹಕ್ಕು ಬಂದದ್ದೇ ತಡ, ಇಡೀ ಕಾಯಿಯೇ ಅವರದಾಯಿತು. ಹಿತ್ತಲಿಗೆ ಒಂದು ದಿನ ಒಂದು ಚೊಂಬು ನೀರು ಹಾಕದವರು ಕುಂಬಳದ ಶಾಂತಮೂರ್ತಿ ಎನಿಸಿಕೊಂಡರು. ಹೋದ ವರ್ಷ ಪತ್ರಿಕೆಯಲ್ಲಿ ಚಿತ್ರ ಬಂತು. ಕಾಯಿಯ ಮೇಲೆ ಕೈಯೂರಿ ನಿಂತ ದೊಡ್ಡಮಾವ. ಒಂದು ಮೂಲೆಯಲ್ಲಿ, ಕಾಯಿ ಉರುಳದಂತೆ ಒತ್ತಿಹಿಡಿದ ಒಂದು ಕೈ, ಮೊಣಕೈವರೆಗೆ ಮಾತ್ರ. ಆ ಕೈ ಅತ್ತೆಯದೆಂದು ಶೃತಿ ಮನೆಗೆ ಬಂದವರಿಗೆಲ್ಲ ತೋರಿಸಿದಳು. ಎಲ್ಲರೂ ಫೋಟೊ ಚೆನ್ನಾಗಿ ಬಂದಿದೆ ಎಂದರು. ಕುಂಬಳ ಬೆಳೆದವರೆಂದು ಮಾಡಿದ ಸನ್ಮಾನದಲ್ಲಿ ಹೊದಿಸಿದ ಜರಿಯಂಚಿನ ಶಾಲನ್ನು ದೊಡ್ಡಮಾವ, ಮನೆಯಲ್ಲಿ ಬೇಕಾದಷ್ಟಿವೆ, ಕುಂಬಳಕ್ಕೇ ಹೊದಿಸಿಕೊಳ್ಳಲಿ ಎಂದು ಕಳಿಸಿಕೊಟ್ಟರು. ಶೃತಿಗೆ ಮೈಯೆಲ್ಲ ಉರಿದುಹೋಯಿತು. ಮಹಾದೇವಮ್ಮ ಅದನ್ನು ಕೊಡವಿ, ಒಳ್ಳೆ ದಪ್ಪಗಿದೆ, ಬಿಸಿಲು ತಡೆಯುತ್ತದೆ ಎಂದು ಎತ್ತಿಟ್ಟು, ಈ ವರ್ಷದ ಕಾಯಿಗೆ ನಿಜವಾಗಿಯೇ ಹೊದಿಸಿದರು.

ಈ ವರ್ಷ ಕೊಳ್ಳೇಗಾಲದಲ್ಲಿ ರೈತ ಮೇಳವೆಂದು ದೊಡ್ಡಮಾವ ಓಡಾಡುತ್ತಿದ್ದರು. ವೇದಿಕೆಯ ಮೇಲೆ, ಹೂ ಸುತ್ತಿದ ಮಚ್ಚಿನಿಂದ, ಮುಖ್ಯ ಅತಿಥಿಗಳೇ ಕಾಯಿಯನ್ನು ಸೀಳುವ ಏರ್ಪಾಟು. ಮನೆಯ ಹಿರಿಯನೇ ಆಗಬೇಕೆಂಬ ಕಟ್ಟಳೆ ಅತಿಥಿಗಳಿಗಿಲ್ಲ. ಅತಿಥಿಗಳಿಗೆ ಬಿಡುವಾಗುತ್ತಿರಲಿಲ್ಲ. ಮೇಳ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಕಾಯಿ ಜಗಲಿಯ ಮೇಲೆ ಕಾಯುತ್ತ ಕೂತಿತು, ತೊಟ್ಟಿನ ಬುಡ ಮೆತ್ತಗಾಯಿತು. ಗಂಡ ಮಾದೇಶನಿಗೆ ಶೃತಿ ಹೇಳಿದಳು. ಅವನು ಸಾರಿಗೆ ಬಸ್ಸಿನ ಡ್ರೈವರು, ಮನೆಯಲ್ಲಿ ಇರುವುದೇ ಕಡಿಮೆ. ದೊಡ್ಡಪ್ಪ ಬೇಜಾರು ಮಾಡಿಕೊಳ್ಳುತ್ತಾರೆ, ಇನ್ನೊಂದು ವಾರ ತಡಿ ಎಂದ. ಕುಂಬಳ ತಡೆಯಬೇಕಲ್ಲ? ದೊಡ್ಡಮಾವನ ನಂಬರು ಒತ್ತುವಳು, ಆ ಕಡೆ ರಿಂಗ್ ಆಗುವ ಮೊದಲೇ ಕಟ್ ಮಾಡುವಳು. ತನ್ನ ಪುಕ್ಕಲುತನದ ಮೇಲೂ ಅವಳಿಗೆ ಸಿಟ್ಟು ಬರುತ್ತಿತ್ತು.

ಒಂದು ಬೆಳಗ್ಗೆ ಅವರೇ ಬಂದರು, ಮೇಳದ ಕಡೆಯ ಇಬ್ಬರನ್ನು ಕರೆದುಕೊಂಡು. ಶೃತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಶಾಲು ಸರಿಸಿ ತೊಟ್ಟಿನ ಬುಡವನ್ನು ತೋರಿಸಿದಳು. ದೊಡ್ಡಮಾವ ಹೆಬ್ಬೆರಳಿನಿಂದ ಒತ್ತಿದರು, ಬೆರಳು ಮೂಸಿದರು. ಒಳಗೆ ಹೋಗಿ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು, ನೀರಿನಲ್ಲಿ ತೇಯ್ದು, ಆ ಮೆತ್ತಗಾದ ಜಾಗದ ಮೇಲೆ ಮೂರು ಪಟ್ಟೆ ಎಳೆದರು. ಹುಳುಕು ಮುಚ್ಚಲು ಸಿಕ್ಕಿದ್ದು ಅದೇ!

"ಈಗ್ ಯಾರ್ಗವ್ವಾ ಕಾಣ್ತದೆ? ಸ್ಟೇಜ್ ಮ್ಯಾಲೆ ದೇವ್ರಂಗೆ ಕೂತಿರ್ತದೆ."

"ಕಾಣೋ ಮಾತಲ್ಲ ದೊಡ್ಡಮಾವ, ಒಳಗೆ ಬೀಜ ಕೊಳೀತಿದೆ. ಇವತ್ತೇ ಒಂದೇಟು ಹಾಕ್ಕೊಡಿ."

"ಇವತ್ ಸೀಳ್ಬುಟ್ಟು ಮೇಳಕ್ಕೇನ್ ಒಯ್ಲಿ, ನನ್ ತಲೆಯಾ?" ಜೊತೆಗೆ ಬಂದವರು ನಕ್ಕರು.

"ಹಾಗಾದ್ರೆ ನಾವೇ ಹಾಕ್ಕೋತೀವಿ."

ದೊಡ್ಡಮಾವನ ನಗು ನಿಂತಿತು. ಅವರು ಶೃತಿಯ ಮುಖ ನೋಡಲಿಲ್ಲ, ಸೊಂಟದ ಮೇಲಿನ ಮಗುವನ್ನು ನೋಡಿದರು. "ಓದ್ದವ್ಳು ನೀನು, ನಂಬ್ದೆ ಇರ್ಬೋದು. ಆದ್ರೂ ಕೂಸಿರೋ ಮನೆ ಕಣವ್ವ. ಆಮ್ಯಾಕೆ ಏನಾರ ಆದ್ರೆ ನನ್ನ ಕೇಳ್ಬ್ಯಾಡಿ."

ಅವರು ಹೋದ ಮೇಲೆ ಶೃತಿ ಮೊದಲು ಮಾಡಿದ ಕೆಲಸವೆಂದರೆ ಮಗುವಿನ ಹಣೆ ಮುಟ್ಟಿದ್ದು. ಬಿಸಿಯಿತ್ತೆ? ಥರ್ಮಾಮೀಟರ್ ತಂದು ಇಟ್ಟಳು. ಏನೂ ಇರಲಿಲ್ಲ. ಮತ್ತೊಮ್ಮೆ ಇಟ್ಟಳು. ನಂಬುವುದಿಲ್ಲ, ನಂಬುವುದಿಲ್ಲ ಎಂದುಕೊಳ್ಳುತ್ತಲೇ ಮೂರನೆಯ ಸಲವೂ ಇಟ್ಟಳು. ದೊಡ್ಡಮಾವ ಅವಳೊಳಗೆ ಎಲ್ಲಿ ಮೆತ್ತಗಿದೆ ಎಂದು ನೋಡಿ ಸರಿಯಾಗಿ ಅಲ್ಲಿಗೇ ಹೆಬ್ಬೆರಳಿಟ್ಟಿದ್ದರು. ಕಾಯಿ ಅವರದಲ್ಲ, ದುಡಿಮೆ ಅವರದಲ್ಲ, ಹೆದರಿಸುವುದಕ್ಕೆ ಮಾತ್ರ ಎಲ್ಲಿಲ್ಲದ ಅಧಿಕಾರ.

ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಮಹಾದೇವಮ್ಮ ಹೊರಗೆ ಬಂದರು. ಕಾಯಿಯ ಪಕ್ಕ ಕೂತು ಶಾಲಿನ ತುದಿಯಿಂದ ಆ ಮೂರು ಪಟ್ಟೆಗಳನ್ನು ಒರೆಸಿದರು. ಒರೆಸಿದ ಕಡೆ ನೀರು ಜಿನುಗಿತು.

"ನಿಮ್ಮಾವ ಕಾಯ್ಲೆ ಬಿದ್ದು ಮಲಿಕ್ಕಂಡಿದ್ ವರ್ಸ ಬೀಜದ್ ಕಾಯ ಯಾರ್ ಸೀಳುದ್ರು ಗೊತ್ತಾ?" ಎಂದು ಕೇಳಿದರು.

ದೊಡ್ಡಮಾವ ಇರಬೇಕು ಎಂದಳು ಶೃತಿ.

"ಅವ್ರು ಆಗ ಈ ಕಡೆ ತಲೆನೂ ಆಕಿರ್ನಿಲ್ಲ. ನಿಮ್ಮಾವ್ರ ಕೈಗೆ ಮಚ್ಚು ಕೊಟ್ಟೆ. ಬೆಳ್ಳು ಮಡ್ಸಕ್ಕೂ ಸಕ್ತಿ ಇರ್ನಿಲ್ಲ. ಮ್ಯಾಲೆ ನನ್ ಕೈ ಇಟ್ಟು ಒತ್ತಿದ್ದು ನಾನೇಯ. ಕೇಡಾಯ್ತಾ? ಆ ವರ್ಸ್ವೇ ಮಾದೇಸಂಗೆ ಕೆಲ್ಸ ಸಿಕ್ತು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಶೃತಿ ಕೇಳಿದಳು.

"ಯಾರ್ ಕೇಳುದ್ರು?"

ಆಮೇಲೆ ಅತ್ತೆಯ ಬಾಯಿಂದ ಶೃತಿ ಯಾವತ್ತೂ ಕೇಳಿರದ ಮಾತುಗಳು ಬಂದವು. ಗೊಬ್ಬರ ಹೊರುವಾಗ ಹೆಂಗಸಾಗಿದ್ದರೆ ಕೇಡಿಲ್ಲ, ಮಂಜಿನಲ್ಲಿ ಎದ್ದು ಹೂ ಕಟ್ಟುವಾಗ ಕೇಡಿಲ್ಲ, ಸೀಳುವಾಗ ಮಾತ್ರ ಕೇಡೇ? ತನ್ನ ತಾಯಿ ಮಡಿಲಿಗೆ ಹಾಕಿದ ಬೀಜವನ್ನು ಯಾರೋ ಬಿಡುವಿಲ್ಲದವರಿಗಾಗಿ ಕೊಳೆಸಬೇಕೇ? ವಿಭೂತಿಯನ್ನಾದರೂ ಬಿಡಬಾರದಿತ್ತೇ? ಕೊನೆಗೆ ಅವರು ಎದ್ದು ಸೆರಗು ಸಿಕ್ಕಿಸಿಕೊಂಡರು. "ಮಚ್ಚು ತಕ್ಕಬಾ. ನಿಂಗೆ ಭಯ ಇದ್ರೆ ಕೂಸ್ನ ಸೋಮಮ್ಮನ್ ಮನೆಗ್ ಬುಟ್ಬಾ."

ಶೃತಿಗೆ ಭಯ ಇತ್ತು. ಮಗುವನ್ನೆತ್ತಿಕೊಂಡು ಅಂಗಳದ ತುದಿಯವರೆಗೂ ಹೋದಳು. ಅಲ್ಲಿ ನಿಂತಳು. ಇವತ್ತು ಪುಟ್ಟಿಯನ್ನು ಆಚೆ ಮನೆಗೆ ಬಿಟ್ಟು ಬಂದರೆ, ನಾಳೆ ಅವಳು ದೊಡ್ಡವಳಾದ ಮೇಲೆ ಇದೇ ಕಾಯಿಯ ಮುಂದೆ ಮಚ್ಚು ಹಿಡಿದು ಯಾವ ಗಂಡಸು ಬರುತ್ತಾನೋ ಎಂದು ಬಾಗಿಲು ನೋಡುತ್ತ ನಿಲ್ಲುತ್ತಾಳೆ ಅನ್ನಿಸಿತು. ಹಿಂದಿರುಗಿ ಬಂದು ಮಗುವನ್ನು ಜಗಲಿಯ ಮೇಲೆ, ತನ್ನ ಕಣ್ಣೆದುರಿಗೇ ಕೂರಿಸಿದಳು. ಭಯವೇನೂ ಹೋಗಿರಲಿಲ್ಲ.

ಮಹಾದೇವಮ್ಮ ಹಾಕಿದ ಏಟಿಗೆ ಮಚ್ಚು ಅರ್ಧ ಇಳಿದು ಕಚ್ಚಿಕೊಂಡಿತು. ಶೃತಿ ಅತ್ತೆಯ ಕೈಮೇಲೆ ತನ್ನ ಕೈಯಿಟ್ಟಳು. ಇಬ್ಬರೂ ಮೈಭಾರ ಹಾಕಿ ಒತ್ತಿದರು. ಕಾಯಿ ಒಮ್ಮೆ ನರಳಿದಂತೆ ಸದ್ದು ಮಾಡಿ ಬಾಯಿಬಿಟ್ಟಿತು.

ತೊಟ್ಟಿನ ಕಡೆಯಿಂದ ಹುಳಿವಾಸನೆ ಬಂತು. ಅಲ್ಲಿನ ಬೀಜಗಳು ಲೋಳೆಯಲ್ಲಿ ಮುಳುಗಿ, ಕೆಲವು ಒಳಗೇ ಮೊಳೆತು, ಬಿಳಿಯ ಬೇರು ಬಿಟ್ಟಿದ್ದವು. ಮಹಾದೇವಮ್ಮ ಅವನ್ನು ಬೊಗಸೆಯಲ್ಲಿ ಬಾಚಿ ಪಕ್ಕಕ್ಕಿಟ್ಟರು. ಇನ್ನು ನಾಲ್ಕು ದಿನ ಕಾದಿದ್ದರೆ ಕೊಳೆ ಕೆಳಗಿಳಿಯುತ್ತಿತ್ತು. ವೇದಿಕೆಯ ಮೇಲೆ ಅತಿಥಿಗಳ ಪಂಚೆಗೆ ಗಬ್ಬು ನೀರು ಸಿಡಿಯುತ್ತಿತ್ತು. ಅದನ್ನು ನೋಡುವ ಭಾಗ್ಯ ತಪ್ಪಿತಲ್ಲ ಎಂದು ಶೃತಿಗೆ ಒಂದು ಕ್ಷಣ ಅನ್ನಿಸದೆ ಇರಲಿಲ್ಲ. ಆದರೆ ಕೆಳಗಿನ ಭಾಗ ಗಟ್ಟಿಯಾಗಿತ್ತು. ನಾರಿನ ನಡುವೆ ಬೀಜಗಳು ದಪ್ಪಗೆ, ಬೆಳ್ಳಗೆ, ಒತ್ತೊತ್ತಾಗಿ ಕೂತಿದ್ದವು. ಪುಟ್ಟಿ ಎರಡೂ ಕೈ ಹಾಕಿ ನಾರು ಹಿಚುಕಿ ಮುಖಕ್ಕೆಲ್ಲ ಬಳಿದುಕೊಂಡಳು.

ತೊಳೆದು ಬೂದಿಯಲ್ಲಿ ಹೊರಳಿಸಿದ ಬೀಜ ಮೊರದಲ್ಲಿ ನೆರಳಿಗೆ ಹೋಯಿತು. ಅದು ಆರಿದ ಮೇಲೆ ತಟ್ಟಲು ಜಗಲಿಯ ಗೋಡೆಯೇ ಇರಲಿ, ಬಣ್ಣ ಹಾಳಾದರೆ ಆಗಲಿ ಎಂದಳು ಶೃತಿ. ಸೋಮಮ್ಮ ಪಾತ್ರೆ ಹಿಡಿದು ಬಂದು, ಯಾರು ಮಚ್ಚು ಹಾಕಿದರು ಎಂದು ಕೇಳಿ, ಉತ್ತರಕ್ಕೆ ಕಾಯದೆ ದೊಡ್ಡ ಹೋಳನ್ನೇ ಆರಿಸಿಕೊಂಡು ಹೋದಳು.

ಸಂಜೆಯೊಳಗೆ ಸುದ್ದಿ ದೊಡ್ಡಮಾವನನ್ನು ತಲುಪುವುದು ಖಂಡಿತ. ಬೇರೆಯವರ ಬಾಯಿಂದ ತಲುಪಿದರೆ ಕದ್ದು ಮಾಡಿದ ಹಾಗಾಗುತ್ತದೆ. ಮಾದೇಶ ಬರಲಿ, ಅವನೇ ಹೇಳಲಿ ಎಂದರು ಮಹಾದೇವಮ್ಮ. ಅದಕ್ಕೂ ಒಬ್ಬ ಗಂಡಸು ಬೇಕೇ ಎಂದು ಶೃತಿ ಮೊಬೈಲು ಎತ್ತಿಕೊಂಡಳು. ರಿಂಗ್ ಆಯಿತು. ಈ ಸಲ ಕಟ್ ಮಾಡಲಿಲ್ಲ.

"ದೊಡ್ಡಮಾವ, ನಾನು ಶೃತಿ. ಕಾಯಿ ಮೇಳಕ್ಕೆ ಬರಲ್ಲ. ಸೀಳಿ ಬೀಜ ತೆಗೆದಾಯ್ತು."

ಆ ಕಡೆ ಯಾವುದೋ ಬಸ್ಸಿನ ಹಾರನ್ನು ಕೇಳಿಸಿತು. ಅದರ ಹಿಂದೆಯೇ ಪ್ರಶ್ನೆ ಬಂತು. "ಯಾರು ಮಚ್ಚು ಆಕುದ್ದು?"

"ಬೆಳೆದವರು. ಅತ್ತೆ. ಜೊತೆಗೆ ನಾನೂ ಕೈ ಹಾಕಿದೆ."

"ಕೂಸು?"

ಹೆದರಿಸುವುದಕ್ಕೆ ಕೇಳಿದರೋ, ನಿಜವಾಗಿ ಕೇಳಿದರೋ ಅವಳಿಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಈಗ ಕಾಣಲಿಲ್ಲ. ಪುಟ್ಟಿಯ ಕಡೆ ನೋಡಿದಳು. ಅಜ್ಜಿಯ ತೊಡೆಯ ಮೇಲೆ ಕೂತು ಬೆಲ್ಲ ಹಾಕಿದ ಕುಂಬಳದ ಪಲ್ಯವನ್ನು ಬಾಯಿಗಿಂತ ಹೆಚ್ಚಾಗಿ ಗಲ್ಲಕ್ಕೆ ಮೆತ್ತಿಕೊಳ್ಳುತ್ತಿದ್ದಳು.

"ಊಟ ಮಾಡ್ತಿದ್ದಾಳೆ," ಎಂದಳು ಶೃತಿ. "ನಿಮ್ಮ ಶಾಲು ಒಗೆದು ಹಾಕಿದ್ದೀನಿ ದೊಡ್ಡಮಾವ, ಒಣಗಿದ ಮೇಲೆ ಕಳಿಸ್ತೀನಿ."