ಇವರು ಬೇಡವೆಂದ ಕಾಡತೂಸು

ಸಮರ್‌ಸೆಟ್‌ನ ನಮ್ಮ ಮನೆಯ ಬೇಸ್‌ಮೆಂಟಿಗೆ ಪ್ರತಿ ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯವರೊಬ್ಬರು ಬರುತ್ತಿದ್ದರು. ನನ್ನ ಗಂಡನ ಗೆಳೆಯ. ಇಬ್ಬರಿಗೂ ಮ್ಯಾಗ್ನಮ್ ರಿವಾಲ್ವರಿನ ಹುಚ್ಚು. ಅದಕ್ಕಿಂತ ಹೆಚ್ಚಾಗಿ, ಹಾರಿಸಿದ ಕಾಡತೂಸುಗಳ ಖಾಲಿ ಹಿತ್ತಾಳೆ ಕೇಸುಗಳನ್ನು ಆಯ್ದು ತಂದು ಮದ್ದು, ಗುಂಡು ಮತ್ತೆ ತುಂಬುವ ಹುಚ್ಚು. ನಾನು ಟೀ ತೆಗೆದುಕೊಂಡು ಮೆಟ್ಟಿಲಿಳಿದರೆ ಮಾತು ನಿಂತುಬಿಡುತ್ತಿತ್ತು. ಲೋಟ ಇಟ್ಟು ಹತ್ತಿ ಬಂದ ಮೇಲೆ ಮತ್ತೆ ಶುರು. ಈ ಪೌಡರ್ ನಿಧಾನ ಉರಿಯುತ್ತದೆ, ಆ ಪೌಡರ್ ಬೇಗ. ಇದಕ್ಕೆ ಕಿಡಿ ಹಚ್ಚಲು ಮಾಮೂಲಿ ಪ್ರೈಮರ್ ಸಾಲದು, ಮ್ಯಾಗ್ನಮ್ ಪ್ರೈಮರೇ ಬೇಕು, ಇಲ್ಲದಿದ್ದರೆ ಚಳಿಯಲ್ಲಿ ನೆಟ್ಟಗೆ ಹೊತ್ತಿಕೊಳ್ಳುವುದಿಲ್ಲ. ನನ್ನ ಜೊತೆ ಊಟಕ್ಕೆ ಕೂತರೆ "ಹ್ಞೂಂ", "ಆಯ್ತು" ಅಷ್ಟರಲ್ಲೇ ಮುಗಿಸುವ ಇವರು ಅಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು, ನಗುತ್ತಿದ್ದರು.

ನನಗೆ ಹೊಟ್ಟೆಕಿಚ್ಚು. ಬೇರೆ ಹೆಂಗಸಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಗಂಡನ ಗೆಳೆಯನನ್ನು ಕಂಡರೆ ಹೊಟ್ಟೆ ಉರಿಯುತ್ತದೆ ಅಂತ ಯಾರ ಹತ್ತಿರ ಹೇಳಿಕೊಳ್ಳುವುದು? ವುಡ್‌ಬ್ರಿಡ್ಜ್‌ನಲ್ಲಿರುವ ತಂಗಿಗೆ ಹೇಳಿದೆ. "ಬಾರ್‌ಗೆ ಹೋಗಿ ಕೂರ್ತಿಲ್ವಲ್ಲ, ಬಿಡಕ್ಕ" ಅಂತ ನಕ್ಕಳು. ಅವಳ ಮೇಲೂ ಸಿಟ್ಟು ಬಂತು.

ಕೊನೆಗೆ ನಾನೂ ಕಲಿಯುವುದೆಂದು ಹಟ ಹಿಡಿದೆ. ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದರಲ್ಲಿ ದಿನವಿಡೀ ಪುಡಿ ತೂಗುವುದೇ ನನ್ನ ಕೆಲಸ, ಇದೇನು ಬ್ರಹ್ಮವಿದ್ಯೆಯೇ? ಕಾಡತೂಸಿನ ಸಾಮಾನು ಕೊಳ್ಳಲು ಬೇಕಾದ ಪರವಾನಗಿ ಕಾರ್ಡು ಮಾಡಿಸಿಕೊಂಡೆ, ಪೌಡರ್ ಕಂಪನಿಗಳು ಹೊರತರುವ ಪುಸ್ತಕಗಳನ್ನು ಓದಿದೆ. ಇವರು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಪೌಡರ್ ಆರಿಸುವುದಕ್ಕೇ ಬಹಳ ದಿನ ಹಿಡಿಯಿತು. ಅವರಿಬ್ಬರೂ ಮೆಚ್ಚಿದ್ದ ಪೌಡರಿನಲ್ಲಿ ರಿವಾಲ್ವರಿನ ಬಾಯಿಂದ ಕುಂಬಳಕಾಯಿ ಗಾತ್ರದ ಬೆಂಕಿ ಬರುತ್ತಿತ್ತು. ಅದಕ್ಕೇ ಅವರಿಗೆ ಅದರ ಮೇಲೆ ಪ್ರೀತಿ. ಇನ್ನೊಂದು ಬಗೆಯದು ಸ್ವಲ್ಪ ಹಾಕಿದರೂ ಸಾಕು, ಆದರೆ ಮೈಮರೆತು ಒಂದೇ ಕೇಸಿಗೆ ಎರಡು ಸಲ ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ. ರಿವಾಲ್ವರ್ ಕೈಯಲ್ಲೇ ಸಿಡಿದು ಚೂರಾಗಬಹುದು. ನಾನು ಆರಿಸಿದ್ದು ಕೇಸಿನೊಳಗೆ ಹೆಚ್ಚು ಜಾಗ ಹಿಡಿಯುವ ಪೌಡರ್. ಎರಡನೇ ಸಲ ಬಿದ್ದರೆ ಅಲ್ಲೇ ಹೊರಚೆಲ್ಲುತ್ತದೆ. ಅದಕ್ಕೆ ಮಾಮೂಲಿ ಪ್ರೈಮರ್ ಸಾಕು ಎಂದು ಪುಸ್ತಕದಲ್ಲಿತ್ತು, ಅದನ್ನೇ ಕೂರಿಸಿದೆ. ಹೊಡೆಯುವ ಕೈ ಇವರದಲ್ಲವೇ? ಆ ಒಂದು ಡಬ್ಬಿ ತುಂಬುವಾಗ ಫೋನನ್ನು ಮೇಲೆ ಅಡುಗೆಮನೆಯಲ್ಲಿ ಬಿಟ್ಟು ಬಂದಿದ್ದೆ, ಪ್ರತಿ ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡಿದ್ದೆ.

ಮುಂದಿನ ಶನಿವಾರ ಮೂವರೂ ಕ್ಲಬ್ಬಿನ ಶೂಟಿಂಗ್ ರೇಂಜಿಗೆ ಹೋದೆವು. ನಾನು ನನ್ನ ಡಬ್ಬಿಯನ್ನು ಇವರ ಮುಂದೆ ಹಿಡಿದೆ.

"ಬೇಡ ಕಣೇ" ಅಂದರು. "ಬೇರೆಯವರು ರೀಲೋಡ್ ಮಾಡಿದ್ದನ್ನ ಶೂಟ್ ಮಾಡಬಾರದು. ಅದು ಫಸ್ಟ್ ರೂಲ್."

"ನಾನು ಬೇರೆಯವಳಾ?"

"ರೂಲ್ ಅಂದ್ರೆ ರೂಲ್. ಪರ್ಸನಲ್ ಆಗಿ ತಗೋಬೇಡ. ನೀನೇ ಶೂಟ್ ಮಾಡು, ನಾನು ನೋಡ್ತೀನಿ."

ಅಂಥ ನಿಯಮ ಇರುವುದು ನಿಜ, ನಾನೂ ಓದಿದ್ದೆ. ಅಷ್ಟಕ್ಕೇ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ತಮ್ಮದು ಖಾಲಿಯಾದ ಕೂಡಲೇ ಇವರು ಸೀದಾ ಹುಬ್ಬಳ್ಳಿಯವರ ಡಬ್ಬಿಗೆ ಕೈ ಹಾಕಿದರು! ಯಾವ ಪೌಡರ್, ಯಾವ ಪ್ರೈಮರ್ ಅಂತ ಒಂದು ಮಾತು ಕೇಳಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

"ಅದನ್ನ ಯಾರು ತುಂಬಿದ್ದು?" ಎಂದೆ.

"ಅವರದು ಬೇರೆ ಬಿಡು" ಅಂದರು ಇವರು, ನನ್ನ ಕಡೆ ತಿರುಗದೆ.

ಹುಬ್ಬಳ್ಳಿಯವರು ಸದ್ದು ತಡೆಯಲು ಕಿವಿಗೆ ಹಾಕಿದ್ದನ್ನು ಕೆಳಗಿಳಿಸಿ ನನ್ನತ್ತ ಕೈ ಚಾಚಿದರು. "ತರ್ರಿ ವೈನಿ ಇಲ್ಲೆ. ಯಾವ ಪೌಡರ್ ಹಾಕೀರಿ?"

ಹೇಳಿದೆ. ಒಂದು ಕಾಡತೂಸನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಎರಡ ಸಲ ಬಿದ್ರ ಚೆಲ್ಲತದ ಅಂತ ಇದನ್ನ ಆರಿಸೀರಿ, ಹೌದಿಲ್ರಿ?"

ತಲೆಯಾಡಿಸಿದೆ. ಈ ಪ್ರಶ್ನೆಯನ್ನು ಇವರು ಕೇಳಬೇಕಾಗಿತ್ತು. ಯಾರನ್ನು ಕಂಡರೆ ಇಷ್ಟು ದಿನ ಹಲ್ಲು ಕಡಿದಿದ್ದೆನೋ ಅವರು ಕೇಳಿದರು, ನನ್ನ ಕಾಡತೂಸುಗಳನ್ನು ತಮ್ಮ ರಿವಾಲ್ವರಿಗೆ ತುಂಬಿಕೊಂಡರು, ಅಷ್ಟನ್ನೂ ಹೊಡೆದರು. ಕಾಗದದ ಮೇಲೆ ತೂತುಗಳು ಒತ್ತೊತ್ತಾಗಿ ಬಿದ್ದಿದ್ದವು. "ಭಾಳ ಛಲೋ ಆಗ್ಯಾವ್ರಿ" ಎಂದು ಇನ್ನಷ್ಟು ತೆಗೆದುಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ನಾವಿಬ್ಬರೇ. ಇವರು ಮುಖ ಊದಿಸಿಕೊಂಡು ಡ್ರೈವ್ ಮಾಡುತ್ತಿದ್ದರು. ರೇಡಿಯೋ ಹಾಕಲಿಲ್ಲ, ಟ್ರಾಫಿಕ್ಕಿಗೆ ಬೈಯಲಿಲ್ಲ. ನನಗೋ ಹಾಲು ಕುಡಿದಷ್ಟು ಸಂತೋಷ. ಉರಿಯಲಿ, ಇವರಿಗೂ ಸ್ವಲ್ಪ ಉರಿಯಲಿ! ಹೆಂಡತಿ ಅಷ್ಟು ಅಕ್ಕರೆಯಿಂದ ತುಂಬಿದ್ದನ್ನು ಇನ್ನೊಬ್ಬರು ಹೊಡೆದು ಹೊಗಳಿದರೆ ಯಾವ ಗಂಡನಿಗೆ ತಡೆದುಕೊಳ್ಳಲಾಗುತ್ತದೆ? ನನ್ನ ಮೇಲೆ ಇವರಿಗೆ ಇಷ್ಟಾದರೂ ಇದೆಯಲ್ಲ ಅನ್ನಿಸಿ ಸಿಟ್ಟೆಲ್ಲ ಇಳಿದೇಹೋಯಿತು. ನಿಮಗೋಸ್ಕರವೇ ತುಂಬಿದ್ದು ಕಣ್ರೀ, ಇನ್ನೂ ಅರ್ಧ ಡಬ್ಬಿ ಇದೆ ಎಂದು ಸಮಾಧಾನ ಹೇಳಲು ಸಿದ್ಧಳಾದೆ.

"ಏನ್ ರೀ, ಹೊಟ್ಟೆಕಿಚ್ಚಾ?" ಎಂದೆ ನಗುತ್ತಾ.

ಇವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಇಷ್ಟು ವರ್ಷ ಆಯ್ತು" ಎಂದರು. "ನಾನು ಲೋಡ್ ಮಾಡಿದ್ದನ್ನ ಅವರು ಒಂದು ಸಲಾನೂ ಶೂಟ್ ಮಾಡಿಲ್ಲ."